ಗರಗಸದಲ್ಲಿ ಕೈಯ ಪಾಲೆಷ್ಟು?

ಇಂಗ್ಲೆಂಡ್, ಅಮೆರಿಕ, ಕೆನಡಾಗಳಲ್ಲಿ ಕಳೆದ ಮೂರು ದಶಕಗಳಿಂದ ಸಣ್ಣ ಸಣ್ಣ ಕಾರ್ಯಾಗಾರಗಳು ಮರಗೆಲಸದ ಕೈಗರಗಸಗಳನ್ನು ಮತ್ತೆ ಮಾಡತೊಡಗಿವೆ. ಹತ್ತು ಅಂಗುಲದ ಅಲಗು, ಅದರ ಮೇಲೊಂದು ಹಿತ್ತಾಳೆಯ ಬೆನ್ನುಪಟ್ಟಿ, ಹಿಂದೊಂದು ಕೆತ್ತಿದ ಹಿಡಿ. ಹೆಸರಾಂತ ಕೈಗಳಿಂದ ಬಂದದ್ದಾದರೆ ಇಷ್ಟಕ್ಕೇ ನೂರಾರು ಪೌಂಡ್ ಬೆಲೆ. ಅದೇ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಿಡಿಯ ಗರಗಸ ಒಂದೆರಡು ಊಟದ ದುಡ್ಡಿಗೆ ಸಿಗುತ್ತದೆ, ಮೊದಲ ದಿನ ಅದೂ ಮರವನ್ನು ಚೆನ್ನಾಗಿಯೇ ಕೊಯ್ಯುತ್ತದೆ. ಈ ಅಂತರಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಇದು ಕೈಯಿಂದ ಮಾಡಿದ್ದು. ಆ ಮಾತನ್ನು ಹಾಗೇ ಒಪ್ಪುವುದೂ ಕಷ್ಟ, ಉಳ್ಳವರ ಶೋಕಿಯೆಂದು ತಳ್ಳಿಹಾಕುವುದೂ ಅವಸರ. ಗರಗಸದ ಯಾವ ಕೆಲಸಕ್ಕೆ ಕೈ ಬೇಕು, ಯಾವುದಕ್ಕೆ ಬೇಡ, ಆ ಕೈ ಯಾರದ್ದಿರಬೇಕು ಎಂದು ಬಿಡಿಸಿ ನೋಡಬೇಕು. ಹಾಗೆ ನೋಡಿದಾಗ ನನಗೆ ತೋರುವುದು ಇಷ್ಟು: ಒಳ್ಳೆಯ ಗರಗಸದ ಕುಶಲತೆ ಮಾಡಿದವನ ಹತ್ತಿರ ಮುಗಿಯುವುದಿಲ್ಲ. ಮೊಂಡಾದಾಗಲೆಲ್ಲ ಅರ ಹಾಕಿಸಿಕೊಂಡು ಮತ್ತೆ ಹೊಸದಾಗುವ ಗುಣ ಎಷ್ಟಿದೆಯೋ ಅಷ್ಟೇ ಅದರ ಬೆಲೆ. ಉಳಿದದ್ದರಲ್ಲಿ ಬಹುಪಾಲು ಅಲಂಕಾರ.

ಉಳಿ, ಬಾಚಿಗಳಿಗಿಲ್ಲದ ಒಂದು ತೊಡಕು ಗರಗಸಕ್ಕಿದೆ. ಉಳಿಗೆ ಗಟ್ಟಿ ಬಾಯಿ ಸಿಕ್ಕರೆ ಸಾಕು, ಹಿಂದಿನ ಲೋಹ ಎಂಥದ್ದಾದರೂ ನಡೆಯುತ್ತದೆ. ಗರಗಸವಾದರೋ ಅಗಲವಾದ, ತೆಳ್ಳನೆಯ, ಉದ್ದಕ್ಕೂ ಒಂದೇ ಹದದ ಹಾಳೆ. ಅದು ಬಾಗಿ ಮತ್ತೆ ನೇರವಾಗಬೇಕು, ಹಲ್ಲಿನ ತುದಿಯಲ್ಲಿ ಗಟ್ಟಿಯಾಗಿರಬೇಕು, ಆದರೆ ಹಲ್ಲನ್ನು ಪಕ್ಕಕ್ಕೆ ಬಗ್ಗಿಸಿದಾಗ ಮುರಿಯಬಾರದು. ಉಕ್ಕಿನೊಳಗೆ ಕಿಟ್ಟದ ಒಂದು ಎಳೆ ಉಳಿದರೂ ಹಾಳೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಹೀಗಾಗಿ ಗರಗಸದ ಚರಿತ್ರೆ ಬಡಗಿಯ ಚರಿತ್ರೆಗಿಂತ ಉಕ್ಕಿನ ಚರಿತ್ರೆಗೆ ಹೆಚ್ಚು ಅಂಟಿಕೊಂಡಿದೆ. 1740ರ ದಶಕದಲ್ಲಿ ಶೆಫೀಲ್ಡ್ ಬಳಿಯ ಹ್ಯಾಂಡ್ಸ್‌ವರ್ತ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನು ತನ್ನ ಸ್ಪ್ರಿಂಗುಗಳಿಗೆಂದು ಉಕ್ಕನ್ನು ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ದ. ಒಳ್ಳೆಯ ಗರಗಸದ ಹಾಳೆಗೆ ದಾರಿಯಾದದ್ದು ಆ ಎರಕದ ಉಕ್ಕು. ಮೂಸೆಯ ಉಕ್ಕು ಅಷ್ಟರಲ್ಲಾಗಲೇ ದಕ್ಷಿಣ ಭಾರತಕ್ಕೆ ಹಳೆಯ ವಿದ್ಯೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ ಇಟ್ಟು ಉಕ್ಕು ಮಾಡುವುದನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನೂ ಬರೆದಿಟ್ಟಿದ್ದಾನೆ. ಅದಕ್ಕೂ ಐದು ವರ್ಷ ಮೊದಲೇ ಜಾರ್ಜ್ ಪಿಯರ್ಸನ್ ಭಾರತದ ಉಕ್ಕಿನ ಮೇಲೆ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದ್ದ. ಉಕ್ಕಿನ ಗುಣ ಒಂದರಿಂದಲೇ ಗರಗಸದ ಉದ್ಯಮ ಹುಟ್ಟುವುದಾದರೆ ಅದು ಮೈಸೂರಿನಲ್ಲೂ ಹುಟ್ಟಬಹುದಿತ್ತು. ಆದರೆ ನಮ್ಮ ಮೂಸೆಯಿಂದ ಬರುತ್ತಿದ್ದದ್ದು ಅಂಗೈ ಮೇಲೆ ಕೂರುವ ಉಂಡೆ. ಕತ್ತಿಗೂ ತಂತಿಗೂ ಅದು ಸಾಕು, ಎರಡಡಿ ಉದ್ದದ ಹಾಳೆಗೆ ಸಾಲದು. ಶೆಫೀಲ್ಡ್‌ನಲ್ಲಿ ದೊಡ್ಡ ಎರಕವೂ ಇತ್ತು, ಅದನ್ನು ಹಾಳೆಯಾಗಿಸಲು ನೀರಿನ, ಆಮೇಲೆ ಹಬೆಯ ಬಲದಿಂದ ತಿರುಗುವ ಉರುಳೆಗಳೂ ಇದ್ದವು. ಅಂದರೆ ಇಂದು ನಾವು ಹಳೆಯ ಕಾಲದ ಕೈಗೆಲಸವೆಂದು ಮೆಚ್ಚುವ ಗರಗಸ ತನ್ನ ಏಳಿಗೆಯ ದಿನದಿಂದಲೇ ಯಂತ್ರವನ್ನು ನೆಚ್ಚಿಕೊಂಡ ವಸ್ತು.

ಶೆಫೀಲ್ಡ್‌ನ ಕ್ರಮವನ್ನು ಚಾರ್ಲ್ಸ್ ಹೋಲ್ಟ್‌ಜಾಫೆಲ್ 1840ರ ದಶಕದಲ್ಲಿ ವಿವರವಾಗಿ ಬರೆದಿದ್ದಾನೆ. ಹಾಳೆಯನ್ನು ಅಳತೆಗೆ ಕತ್ತರಿಸುವುದು, ಹಲ್ಲನ್ನು ಅಚ್ಚಿನಿಂದ ಒಂದೊಂದಾಗಿ ಹೊಡೆಯುವುದು, ಕಾಯಿಸಿ ಎಣ್ಣೆಯಲ್ಲಿ ಅದ್ದುವುದು, ಮತ್ತೆ ಮೆಲ್ಲಗೆ ಕಾಯಿಸಿ ಹದಕ್ಕೆ ತರುವುದು, ಅಡಿಗಲ್ಲಿನ ಮೇಲಿಟ್ಟು ಬಡಿದು ನೇರ ಮಾಡುವುದು, ಸಾಣೆಕಲ್ಲಿನಲ್ಲಿ ತೇಯುವುದು, ತೇದಾಗ ಹೋದ ಬಿಗಿಯನ್ನು ಮತ್ತೆ ಬಡಿದು ಕೂರಿಸುವುದು, ಹಲ್ಲು ಬಗ್ಗಿಸುವುದು, ಅರ ಹಾಕುವುದು, ಹಿಡಿ ತೊಡಿಸುವುದು. ಇವುಗಳಲ್ಲಿ ಎರಡು ಹಂತಗಳು ನಿಜಕ್ಕೂ ಅಪರೂಪದ ವಿದ್ಯೆ. ಮೊದಲನೆಯದು ಬಡಿತ. ಎಣ್ಣೆಯಿಂದ ಹೊರಬಂದ ಹಾಳೆ ಸೊಟ್ಟಗಿರುತ್ತದೆ. ಉಬ್ಬಿದ ಜಾಗಕ್ಕೆ ಹೊಡೆದರೆ ಉಬ್ಬು ಹೆಚ್ಚಾಗುತ್ತದೆ, ಸುತ್ತಲಿನ ಬಿಗಿಯಾದ ಜಾಗಕ್ಕೆ ಹೊಡೆದು ಅದನ್ನು ಹಿಗ್ಗಿಸಿದಾಗಷ್ಟೇ ಉಬ್ಬು ಇಳಿಯುತ್ತದೆ. ಎಲ್ಲಿ ಹೊಡೆಯಬೇಕೆಂಬುದನ್ನು ಬೆಳಕಿಗೆ ಹಿಡಿದ ಕಣ್ಣು ಹೇಳಬೇಕು. ಎರಡನೆಯದು ತೇಯುವಿಕೆ. ಒಳ್ಳೆಯ ಕೈಗರಗಸದ ಅಲಗು ಹಲ್ಲಿನ ಅಂಚಿನಲ್ಲಿ ದಪ್ಪ, ಬೆನ್ನಿನ ಕಡೆಗೆ ತೆಳುವಾಗುತ್ತಾ ಹೋಗುತ್ತದೆ. ಹೀಗಿದ್ದರೆ ಹಲ್ಲನ್ನು ಹೆಚ್ಚು ಬಗ್ಗಿಸದೆಯೇ ಅಲಗು ಸೀಳಿನಲ್ಲಿ ಸಿಕ್ಕಿಕೊಳ್ಳದೆ ಓಡಾಡುತ್ತದೆ, ಕೊಯ್ತ ಕಿರಿದಾಗುತ್ತದೆ, ತೋಳಿಗೆ ದಣಿವು ಕಡಿಮೆ. ಆದರೆ ಇವೆಲ್ಲವನ್ನೂ ಒಬ್ಬನೇ ಮಾಡುತ್ತಿರಲಿಲ್ಲ. ಬಡಿಯುವವನಿಗೆ ತೇಯಲು ಬಾರದು, ತೇಯುವವನು ಹಿಡಿ ಮುಟ್ಟಿದವನಲ್ಲ. ಅಲಗಿನ ಮೇಲೆ ಮುದ್ರೆಯೊತ್ತಿದ ಹೆಸರು ವ್ಯಾಪಾರಿಯದು. ಒಬ್ಬ ಕುಶಲಿ ಮೊದಲಿನಿಂದ ಕೊನೆಯವರೆಗೆ ಒಂದು ಗರಗಸ ಮಾಡುವ ಚಿತ್ರ ಇಂದಿನ ಕಲ್ಪನೆ. ಚರಿತ್ರೆಯಲ್ಲಿ ಅದಕ್ಕೆ ಹೆಚ್ಚು ಆಧಾರವಿಲ್ಲ.

ಆ ದಿನಗಳ ಕೈಗೆಲಸವನ್ನು ಮೆಚ್ಚುವಾಗ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಸಾಣೆಯ ಕೆಲಸ ಶೆಫೀಲ್ಡ್‌ನಲ್ಲಿ ಸಾವಿನ ಕೆಲಸವೆಂದೇ ಹೆಸರಾಗಿತ್ತು. ಒಣಕಲ್ಲಿನಲ್ಲಿ ಫೋರ್ಕ್ ತೇಯುವವರ ಶ್ವಾಸಕೋಶಕ್ಕೆ ಹೋಲಿಸಿದರೆ ನೀರು ಹಾಕಿ ತೇಯುವ ಗರಗಸದವರು ಒಂದಿಷ್ಟು ವಾಸಿ, ಆದರೆ ವೇಗವಾಗಿ ತಿರುಗುವ ಕಲ್ಲು ಸಿಡಿದರೆ ಮುಂದೆ ನಿಂತವನು ಉಳಿಯುವುದು ಕಷ್ಟ. ಈ ಅಪಾಯದ ನಡುವೆ ಕೂಲಿಯನ್ನು ಕಾಪಾಡಿಕೊಳ್ಳಲು ಸಾಣೆಯವರ ಸಂಘ ಬಲಪ್ರಯೋಗಕ್ಕೂ ಇಳಿಯಿತು. ಸಂಘದ ಮಾತು ಮೀರಿದವನ ಯಂತ್ರದ ಪಟ್ಟಿಯನ್ನು ರಾತ್ರೋರಾತ್ರಿ ಕದ್ದೊಯ್ಯುವುದು ಮಾಮೂಲಾಗಿತ್ತು. 1866ರ ಅಕ್ಟೋಬರಿನಲ್ಲಿ ನ್ಯೂ ಹೆರೆಫರ್ಡ್ ಬೀದಿಯಲ್ಲಿ ಸಾಣೆಯವನೊಬ್ಬನ ಮನೆಗೆ ಸಿಡಿಮದ್ದು ಇಟ್ಟದ್ದು ಇಡೀ ದೇಶವನ್ನು ಕಂಗೆಡಿಸಿತು. ಮರುವರ್ಷ ವಿಚಾರಣಾ ಆಯೋಗದ ಮುಂದೆ ಗರಗಸ ಸಾಣೆಗಾರರ ಸಂಘದ ಕಾರ್ಯದರ್ಶಿ ವಿಲಿಯಂ ಬ್ರಾಡ್‌ಹೆಡ್ ಇಂಥ ಕೃತ್ಯಗಳಿಗೆ ದುಡ್ಡು ಕೊಟ್ಟದ್ದನ್ನು ಒಪ್ಪಿಕೊಂಡ. ಸತ್ಯ ಹೇಳಿದವರಿಗೆ ಶಿಕ್ಷೆಯಿಲ್ಲವೆಂಬ ಅಭಯ ಮೊದಲೇ ಇದ್ದುದರಿಂದ ಪಾರಾದ. ನಾವು ಇಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಅಲಗಿನ ನುಣುಪಿನ ಹಿಂದೆ ಈ ಲೆಕ್ಕವೂ ಇದೆ. ಸಾಣೆಯ ಕೆಲಸವನ್ನು ಯಂತ್ರ ವಹಿಸಿಕೊಂಡದ್ದಕ್ಕೆ ಯಾರೂ ಮರುಗಬೇಕಾಗಿಲ್ಲ.

ಗರಗಸ ಯಂತ್ರವನ್ನು ನೆಚ್ಚಿಕೊಂಡದ್ದನ್ನೇ ಅಮೆರಿಕದ ಕಥೆ ದೊಡ್ಡ ಪ್ರಮಾಣದಲ್ಲಿ ಹೇಳುತ್ತದೆ. ಇಂಗ್ಲೆಂಡಿನ ಟ್ಯೂಕ್ಸ್‌ಬರಿಯಲ್ಲಿ ಹುಟ್ಟಿ ಹುಡುಗನಾಗಿ ವಲಸೆ ಹೋದ ಹೆನ್ರಿ ಡಿಸ್ಟನ್ 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಗರಗಸ ಮಾಡಲು ಶುರುಮಾಡಿದ. 1850ರ ದಶಕದಲ್ಲಿ ಉಕ್ಕನ್ನೂ ತಾನೇ ಕರಗಿಸತೊಡಗಿದ. 1872ರಿಂದ ಅದೇ ನಗರದ ಟಕೋನಿಯಲ್ಲಿ ಕಾರ್ಖಾನೆಯ ಸುತ್ತ ಒಂದು ಊರನ್ನೇ ಕಟ್ಟಿಸಿದ. ಉಕ್ಕು, ಅಲಗು, ಹಿಡಿ, ಕೊನೆಗೆ ಅರ ಕೂಡ ಅಲ್ಲೇ ತಯಾರು. ಅರದ ಮಾತು ಇಲ್ಲಿ ಮುಖ್ಯ. ಗರಗಸ ಕೊಂಡವನು ಮತ್ತೆ ಅರ ಕೊಳ್ಳುತ್ತಾನೆ, ತನ್ನ ಹಲ್ಲನ್ನು ತಾನೇ ಚೂಪು ಮಾಡಿಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ ಇಡೀ ವ್ಯಾಪಾರ ನಿಂತಿತ್ತು. ಹೇಗೆ ಅರ ಹಾಕಬೇಕೆಂದು ಕಲಿಸುವ ಕೈಪಿಡಿಗಳನ್ನು ಕಂಪನಿಯೇ ಅಚ್ಚುಹಾಕಿಸಿ ಹಂಚುತ್ತಿತ್ತು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ಆ ಗರಗಸಗಳು ಯಾವ ಅರ್ಥದಲ್ಲೂ ‘ಕೈಯಿಂದ ಮಾಡಿದವು’ ಅಲ್ಲ, ಆದರೂ ಇಂದಿನ ಒಳ್ಳೆಯ ಕುಶಲಿಗಳು ಅವನ್ನೇ ಬಿಚ್ಚಿ ಅಳೆದು ಕಲಿಯುತ್ತಾರೆ. 1920ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಚಕ್ರಗರಗಸ ಬಂತು. ಕೈಗರಗಸದ ಮಾರುಕಟ್ಟೆ ಕುಗ್ಗುತ್ತಾ ಹೋಯಿತು. 1955ರಲ್ಲಿ ಡಿಸ್ಟನ್ ಕುಟುಂಬ ಕಂಪನಿಯನ್ನು ಮಾರಿತು. ಆ ಇಳಿಗಾಲದ ಗರಗಸಗಳನ್ನು ನೋಡಿದರೆ ಮೊದಲು ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಉಕ್ಕು ಚೆನ್ನಾಗಿಯೇ ಉಳಿಯಿತು. ಹಿಡಿ ಮೊದ್ದಾಯಿತು, ಅಂಚುಗಳ ದುಂಡು ಹೋಯಿತು, ಅಲಗು ಬೆನ್ನಿನ ಕಡೆಗೆ ತೆಳುವಾಗುವ ಗುಣ ಹೋಯಿತು.

ಪುನರುಜ್ಜೀವನ ಶುರುವಾದದ್ದು 1990ರ ದಶಕದ ನಡುವಿನಲ್ಲಿ. ಹಳೆಯ ಉಪಕರಣಗಳ ಬೆನ್ನುಹತ್ತಿದ ಪೀಟ್ ಟರನ್ ಮತ್ತು ಪ್ಯಾಟ್ರಿಕ್ ಲೀಚ್ ಇಂಡಿಪೆಂಡೆನ್ಸ್ ಟೂಲ್ ಎಂಬ ಹೆಸರಿನಲ್ಲಿ ಹಳೆಯ ಮಾದರಿಯ ಡವ್‌ಟೇಲ್ ಗರಗಸ, ಅಂದರೆ ಮರದ ನಾಜೂಕು ಕೀಲುಗಳನ್ನು ಕೊಯ್ಯುವ ಸಣ್ಣ ಗರಗಸ ಮಾಡಿದರು. ಅದನ್ನು ಮೇಯ್ನ್ ರಾಜ್ಯದ ಲೀ-ನೀಲ್ಸನ್ ಕಂಪನಿ ಕೊಂಡು ಮುಂದುವರಿಸಿತು. ಆಮೇಲೆ ವಿಸ್ಕಾನ್ಸಿನ್‌ನ ಬ್ಯಾಡ್ ಆಕ್ಸ್, ಇಂಗ್ಲೆಂಡಿನ ಸ್ಕೆಲ್ಟನ್ ಹೀಗೆ ಹಲವರು ಬಂದರು. ಶೆಫೀಲ್ಡ್‌ನಲ್ಲಿ ಥಾಮಸ್ ಫ್ಲಿನ್ ಕಂಪನಿಯಂಥವರು ಹಳೆಯ ದಾರಿಯಲ್ಲೇ ಉಳಿದುಕೊಂಡಿದ್ದರು. ಇವರೆಲ್ಲರ ಮಾದರಿಗಳ ಹಿಂದೆ ಮತ್ತೆ ಮತ್ತೆ ಕಾಣುವುದು 1796ರಲ್ಲಿ ಕೆಂಟ್‌ನ ಬೆಂಜಮಿನ್ ಸೀಟನ್‌ಗೆ ಅವನಪ್ಪ ಕೊಡಿಸಿದ ಉಪಕರಣಗಳು. ಹೆಚ್ಚು ಬಳಕೆಯಾಗದೆ ಉಳಿದು ಈಗ ರಾಚೆಸ್ಟರ್‌ನ ಗಿಲ್ಡ್‌ಹಾಲ್ ವಸ್ತುಸಂಗ್ರಹಾಲಯದಲ್ಲಿರುವ ಆ ಪೆಟ್ಟಿಗೆಯಲ್ಲಿ ಶೆಫೀಲ್ಡ್‌ನ ಕೆನ್ಯನ್ ಮುದ್ರೆಯ ಗರಗಸಗಳ ಒಂದು ಇಡೀ ಸಾಲೇ ಇದೆ. ಆದರೆ ಹೊಸ ಕಾರ್ಯಾಗಾರಗಳಲ್ಲಿ ಹೆಚ್ಚಿನವರು ಉಕ್ಕು ಕರಗಿಸುವುದಿಲ್ಲ, ಹದವನ್ನೂ ಹಾಕುವುದಿಲ್ಲ. ನೂರಕ್ಕೆ ಸುಮಾರು ಒಂದು ಪಾಲು ಇಂಗಾಲವಿರುವ, ಕಾರ್ಖಾನೆಯಲ್ಲೇ ಹದವಾಗಿ ನೇರವಾಗಿ ಬರುವ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ಕೊಂಡು ಕತ್ತರಿಸುತ್ತಾರೆ. ಹಲ್ಲಿನ ಮೊದಲ ರೂಪವನ್ನು ಯಂತ್ರ ಹೊಡೆಯುತ್ತದೆ. ಇದನ್ನು ಮೋಸವೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಉರುಳೆಗಿರಣಿಯ ಪಟ್ಟಿಯಷ್ಟು ಸಮನಾದ ಹಾಳೆಯನ್ನು ಹಳೆಯ ಶೆಫೀಲ್ಡ್‌ನವರು ಕಂಡಿದ್ದರೆ ಮರುಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಮೋಸವಿರುವುದು ಅಷ್ಟನ್ನೂ ಹೇಳದೆ ಬರೀ ‘ಕೈಯಿಂದ’ ಎಂದು ಮಾರಿದಾಗ.

ಹಾಗಾದರೆ ಕೈ ಉಳಿದದ್ದೆಲ್ಲಿ? ಮುಖ್ಯವಾಗಿ ಹಲ್ಲಿನಲ್ಲಿ. ಗರಗಸಕ್ಕೆ ಹಾಕುವ ಅರದ ಅಡ್ಡಸೀಳು ಸಮಭುಜ ತ್ರಿಕೋನ; ಅದರ ಪ್ರತಿ ಮೂಲೆ 60 ಡಿಗ್ರಿ. ಆದ್ದರಿಂದ ಎರಡು ಹಲ್ಲಿನ ನಡುವಿನ ಕಣಿವೆಯೂ 60, ಹಲ್ಲೂ 60. ಅದನ್ನು ಬದಲಿಸಲು ಬರುವುದಿಲ್ಲ. ಬದಲಿಸಬಹುದಾದದ್ದು ಅರವನ್ನು ಹಿಡಿಯುವ ಓರೆ ಮಾತ್ರ. ಹಲ್ಲಿನ ಮುಂಭಾಗ ನೆಟ್ಟಗೆ ನಿಂತರೆ ಅದು ಎಳೆಯುದ್ದಕ್ಕೆ ಪುಟ್ಟ ಉಳಿಗಳ ಸಾಲಿನಂತೆ ಮರವನ್ನು ಕೀಳುತ್ತದೆ, ಆದರೆ ಕೊಯ್ತ ಆರಂಭಿಸುವಾಗ ಕಚ್ಚುತ್ತದೆ. ಹಿಂದಕ್ಕೆ ವಾಲಿಸಿದರೆ ಮೆತ್ತಗೆ ಆರಂಭವಾಗುತ್ತದೆ, ನಿಧಾನವಾಗುತ್ತದೆ. ಅಡ್ಡಕೊಯ್ತಕ್ಕೆ ಅರವನ್ನು ಅಲಗಿಗೆ ಓರೆಯಾಗಿ, ಸುಮಾರು 20 ಡಿಗ್ರಿ ತಿರುಗಿಸಿ ಹಿಡಿದರೆ ಹಲ್ಲಿನ ಅಂಚು ಚಾಕುವಾಗಿ ಎಳೆಗಳನ್ನು ಮೊದಲು ಕಡಿಯುತ್ತದೆ. ಅಂಗುಲಕ್ಕೆ 15 ಹಲ್ಲಿನ ಡವ್‌ಟೇಲ್ ಗರಗಸ, 10-12 ಹಲ್ಲಿನ ಟೆನನ್ ಗರಗಸ, ಐದಾರು ಹಲ್ಲಿನ ಸೀಳುಗರಗಸ ಎಂಬ ವಿಂಗಡಣೆ ಹೊರಗಿನದು. ಒಳಗಿನ ಗುಣ ಈ ಓರೆಗಳದ್ದು. ಇನ್ನು ಹಲ್ಲನ್ನು ಒಂದು ಬಿಟ್ಟು ಒಂದು ಎಡಬಲಕ್ಕೆ ಬಗ್ಗಿಸುವುದು ಹಳೆಯ ವಿದ್ಯೆ. ಮೊದಲ ಶತಮಾನದಲ್ಲೇ ರೋಮಿನ ಪ್ಲಿನಿ ಹಸಿ ಮರದ ಹುಡಿ ಹೊರಬೀಳಲೆಂದು ಹಾಗೆ ಮಾಡುತ್ತಾರೆಂದು ಬರೆದಿದ್ದಾನೆ. ಅರ್ಧ ಮಿಲಿಮೀಟರ್ ದಪ್ಪದ ಅಲಗಿಗೆ ಪ್ರತಿ ಬದಿಗೂ ಅದರ ಹತ್ತನೇ ಒಂದು ಪಾಲಿನಷ್ಟು ಬಾಗು ಕೊಟ್ಟರೂ ಒಣಗಿದ ಗಟ್ಟಿಮರಕ್ಕೆ ಸಾಕಾಗಬಹುದು. ಹಸಿ ಮರಕ್ಕೆ ಅದರ ಎರಡು ಮೂರು ಪಟ್ಟು ಬೇಕು. ಒಂದು ಬದಿಗೆ ಬಾಗು ತುಸು ಹೆಚ್ಚಾದರೆ ಗರಗಸ ಗೆರೆ ಬಿಟ್ಟು ಆ ಕಡೆಗೇ ಎಳೆಯುತ್ತದೆ. ಹತ್ತು ಅಂಗುಲದ ಸಣ್ಣ ಗರಗಸದಲ್ಲೂ ನೂರೈವತ್ತರ ಹತ್ತಿರ ಹಲ್ಲು. ಪ್ರತಿಯೊಂದಕ್ಕೂ ಅದೇ ಓರೆ, ಅದೇ ಒತ್ತಡ, ಅದೇ ಎತ್ತರ. ಯಾವ ಮರ, ಎಂಥ ಕೆಲಸ, ಎಷ್ಟು ಪಳಗಿದ ಕೈ ಎಂಬುದನ್ನು ತಿಳಿದು ಮಾಡುವ ಈ ತೀರ್ಮಾನಗಳನ್ನು ಮೊದಲೇ ಒಂದು ಅಚ್ಚಿನಲ್ಲಿ ಕೂಡಿಸಿಡಲಾಗುವುದಿಲ್ಲ.

ಹಿಡಿಯ ಮಾತೂ ಹೀಗೆಯೇ. ತೋಳಿನ ಒತ್ತಡ ಹಲ್ಲಿನ ಸಾಲಿಗೆ ಯಾವ ಕೋನದಲ್ಲಿ ಇಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಹಿಡಿಯ ವಾಲು. ಅದು ತಪ್ಪಿದರೆ ಹಲ್ಲು ಎಷ್ಟು ಚೂಪಾಗಿದ್ದರೂ ಮಣಿಕಟ್ಟು ನೋಯುತ್ತದೆ. ಬೀಚ್ ಅಥವಾ ಸೇಬಿನ ಮರದ ಹಲಗೆಯಲ್ಲಿ ಎಳೆ ಹಿಡಿಯ ಸಣ್ಣ ಕುತ್ತಿಗೆಯ ಗುಂಟ ಹೋಗುವಂತೆ ಗುರುತು ಹಾಕದಿದ್ದರೆ ಮೊದಲ ಬಾರಿ ಕೆಳಗೆ ಬಿದ್ದಾಗಲೇ ಅದು ಮುರಿಯುತ್ತದೆ. ಒಳ್ಳೆಯ ಹಿಡಿಯ ಅಂಚುಗಳು ಅಂಗೈಯ ಹಳ್ಳಕ್ಕೆ ತಕ್ಕಂತೆ ಅಲ್ಲಲ್ಲಿ ಬೇರೆ ಬೇರೆ ದುಂಡಾಗಿರುತ್ತವೆ. ಆ ಆಕಾರವನ್ನು ಯಂತ್ರವೂ ಕೊರೆಯಬಲ್ಲದು, ನಿಜ. ಆದರೆ ಕೈಗಳ ಗಾತ್ರ ಬೇರೆ ಬೇರೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಮತ್ತು ಗಟ್ಟಿಯಾದದ್ದು: ಅಗ್ಗದ ಗರಗಸದ ಹಲ್ಲುಗಳ ತುದಿಯನ್ನು ವಿದ್ಯುತ್ತಿನಿಂದ ಕ್ಷಣಮಾತ್ರದಲ್ಲಿ ಕಾಯಿಸಿ ಗಡಸು ಮಾಡಿರುತ್ತಾರೆ. ಅವು ಅರ ಹಾಕಿದ ಹಲ್ಲಿಗಿಂತ ಹಲವು ಪಟ್ಟು ಕಾಲ ಚೂಪಾಗಿರುತ್ತವೆ. ಹಾಗಿದ್ದ ಮೇಲೆ ಮೆತ್ತನೆಯ ಹಲ್ಲಿಗೆ ಹೆಚ್ಚು ಬೆಲೆ ಏಕೆ? ಉತ್ತರ ಆ ಗಡಸಿನಲ್ಲೇ ಇದೆ. ಮಾಮೂಲಿ ಗರಗಸದ ಉಕ್ಕು ರಾಕ್‌ವೆಲ್ ಅಳತೆಯಲ್ಲಿ 50ರ ಆಸುಪಾಸು, ಅರ 60ನ್ನು ದಾಟಿರುತ್ತದೆ. ಈ ಅಂತರವಿರುವುದರಿಂದಲೇ ಅರ ಹಲ್ಲನ್ನು ಕಡಿಯುತ್ತದೆ. ಗಡಸು ತುದಿಯ ಹಲ್ಲಿನ ಮೇಲೆ ಅರ ಜಾರುತ್ತದೆ. ಮೊಂಡಾದ ದಿನವೇ ಆ ಗರಗಸದ ಕೊನೆಯ ದಿನ. ಒಳ್ಳೆಯ ಗರಗಸದ ಮೆತ್ತಗಿನ ಹಲ್ಲು ಬೇಕೆಂದೇ ಉಳಿಸಿಕೊಂಡ ಮೆತ್ತಗು. ಒಂದು ಸಾರಿ ಅರ ಹಾಕಿದಾಗ ಸವೆಯುವುದು ಮಿಲಿಮೀಟರಿನ ಒಂದು ಸಣ್ಣ ಅಂಶ; ಅಲಗಿನ ಅಗಲ ಹಲವು ಅಂಗುಲ. ಹೀಗಾಗಿಯೇ ಹತ್ತೊಂಬತ್ತನೇ ಶತಮಾನದ ಅಲಗುಗಳು ಕಿರಿದಾಗುತ್ತಾ ಬಂದೂ ಇಂದಿಗೂ ಕೆಲಸ ಮಾಡುತ್ತಿವೆ. ಆದರೂ ಪ್ಲೈವುಡ್ ಕೊಯ್ಯುವವನಿಗೆ, ಮೊಳೆ ಅಡಗಿರುವ ಹಳೆಯ ತೊಲೆ ಕತ್ತರಿಸುವವನಿಗೆ ಬಿಸಾಡುವ ಗರಗಸವೇ ಸರಿ. ಅದನ್ನು ಒಪ್ಪಿಕೊಳ್ಳದೆ ಈ ವಾದ ಮಾಡುವುದು ಪ್ರಾಮಾಣಿಕತೆಯಲ್ಲ.

ಎರಡನೆಯ ಆಕ್ಷೇಪ ಜಪಾನಿನಿಂದ. ಅಲ್ಲಿನ ಗರಗಸ ಎಳೆದಾಗ ಕೊಯ್ಯುತ್ತದೆ. ಎಳೆತದಲ್ಲಿ ಅಲಗು ಬಿಗಿಯಾಗಿ ನಿಲ್ಲುವುದರಿಂದ ಅದನ್ನು ತೀರಾ ತೆಳುವಾಗಿಸಬಹುದು. ತಳ್ಳುವ ಗರಗಸಕ್ಕೆ ಬಳುಕದಿರಲು ದಪ್ಪವೋ ಬೆನ್ನುಪಟ್ಟಿಯೋ ಬೇಕೇ ಬೇಕು. ನಮ್ಮ ದೇಶದ ಹಳೆಯ ಬಡಗಿಗಳೂ ನೆಲದ ಮೇಲೆ ಕುಳಿತು ಎಳೆಯುವ ಗರಗಸವನ್ನೇ ಬಳಸುತ್ತಿದ್ದರು. ಎಳೆತವೇ ಮೇಲು ಎಂದರೆ ನಾನು ಜಗಳಕ್ಕಿಳಿಯುವುದಿಲ್ಲ. ಆದರೆ ಗಮನಿಸಬೇಕಾದದ್ದು ಬೇರೆ: ಮಿಕಿ, ಸಂಜೊ ಪಟ್ಟಣಗಳ ಕಮ್ಮಾರರು ಅಲಗನ್ನು ಕೆರೆದು ತೆಳುವಾಗಿಸುತ್ತಿದ್ದ ದಿನಗಳಲ್ಲಿ ಊರೂರಲ್ಲೂ ಹಲ್ಲಿಗೆ ಅರ ಹಾಕುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಆ ಉದ್ದನೆಯ, ಮೂರು ಮುಖದ ಸೂಕ್ಷ್ಮ ಹಲ್ಲನ್ನು ಬಡಗಿ ತಾನೇ ಚೂಪು ಮಾಡುವುದು ಕಷ್ಟ. ಬದಲಾಯಿಸುವ ಅಲಗಿನ ಗರಗಸ ಬಂದ ಮೇಲೆ ಅವರ ಕಸುಬು ನೆಲಕಚ್ಚಿತು. ಅವರು ಕಡಿಮೆಯಾದಂತೆ ಕೈಯಿಂದ ಮಾಡಿದ ಗರಗಸವೂ ಸಂಗ್ರಹಕಾರರ ವಸ್ತುವಾಗುತ್ತಿದೆ. ಮಾಡುವವರು ಉಳಿದೂ ಅರ ಹಾಕುವವರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಮೂರನೆಯದು ಕೆನಡಾದ ವೆರಿಟಾಸ್ ಕಂಪನಿ ಎತ್ತಿದ ಪ್ರಶ್ನೆ, ಬಾಯಿಮಾತಿನಲ್ಲಲ್ಲ, ಒಂದು ಗರಗಸದ ಮೂಲಕ. ಅದರ ಡವ್‌ಟೇಲ್ ಗರಗಸದ ಬೆನ್ನು ಹಿತ್ತಾಳೆಯದಲ್ಲ. ಉಕ್ಕಿನ ಪುಡಿ ಮತ್ತು ಗಾಜಿನ ನಾರು ಬೆರೆಸಿದ ಪಾಲಿಮರ್ ಅನ್ನು ಅಚ್ಚಿನಲ್ಲಿ ಎರೆದದ್ದು. ನೋಡಲು ಹಳಬರಿಗೆ ಹಿಡಿಸದು, ಆದರೆ ತೂಕ, ನೇರ, ಹಲ್ಲಿನ ಓರೆ ಎಲ್ಲವೂ ಯೋಚಿಸಿ ಮಾಡಿದವು, ಬೆಲೆ ಕೈಗೆಟುಕುವಂಥದ್ದು. ಇದು ನನ್ನ ವಾದಕ್ಕೆ ವಿರುದ್ಧವೆಂದು ಕಾಣಬಹುದು. ನನಗೆ ಇದು ಪರವಾದ ಸಾಕ್ಷಿ. ಆ ಹಲ್ಲಿಗೂ ಅರ ಹತ್ತುತ್ತದೆ. ಹಿತ್ತಾಳೆಯ ಹೊಳಪು, ಕೆತ್ತನೆಯ ಸುರುಳಿ ಇಲ್ಲದೆಯೂ ಒಳ್ಳೆಯ ಗರಗಸ ಸಾಧ್ಯ. ಹಾಗೆ ನೋಡಿದರೆ ಅತಿ ದುಬಾರಿ ಗರಗಸದ ಬೆಲೆಯಲ್ಲಿ ಒಂದು ದೊಡ್ಡ ಪಾಲು ಕಣ್ಣಿಗೆ ಸಲ್ಲುವ ಕಾಣಿಕೆ. ಮಡಚಿದ ಹಿತ್ತಾಳೆ ಪಟ್ಟಿಗೆ ಒಂದು ನಿಜವಾದ ಉಪಯೋಗವಿದೆ: ಅದು ಅಲಗನ್ನು ಬರೀ ಬಿಗಿತದಿಂದ ಕಚ್ಚಿಕೊಂಡಿರುವುದರಿಂದ, ಅಲಗು ಸೊಟ್ಟಗಾದರೆ ಪಟ್ಟಿಗೆ ಮೆಲ್ಲಗೆ ತಟ್ಟಿ ನೇರಕ್ಕೆ ತರಬಹುದು. ಅಂಟು ಹಾಕಿ ಕೂರಿಸಿದ ಬೆನ್ನಿನಲ್ಲಿ ಇದಾಗದು. ಇಲ್ಲೂ ಮತ್ತೆ ಅದೇ ಅಳತೆಗೋಲು, ರಿಪೇರಿಗೆ ಒಗ್ಗುತ್ತದೆಯೇ ಎಂಬುದು.

ಕೊನೆಯದು ಹಣದ ಆಕ್ಷೇಪ. ದಿನಗೂಲಿಯ ಬಡಗಿ ಇಂಥ ಗರಗಸ ಕೊಳ್ಳುವುದಿಲ್ಲ. ಕೊಳ್ಳುವವರಲ್ಲಿ ಬಹುಪಾಲು ಬಿಡುವಿನ ವೇಳೆಗೆ ಮರಗೆಲಸ ಹಿಡಿದ ಸ್ಥಿತಿವಂತರು. ಇದು ಪೂರ್ತಿ ನಿಜ, ಮತ್ತು ಹಳೆಯ ಸಂತೆಯಲ್ಲಿ ತುಕ್ಕುಹಿಡಿದ ಶೆಫೀಲ್ಡ್ ಅಲಗು ಇಂದಿಗೂ ಅಗ್ಗವಾಗಿ ಸಿಗುತ್ತಿರುವಾಗ ಹೊಸದಕ್ಕೆ ನೂರಾರು ಪೌಂಡ್ ಸುರಿಯುವುದು ಅನಿವಾರ್ಯವೂ ಅಲ್ಲ. ಆದರೆ ಆ ತುಕ್ಕಿನ ಅಲಗನ್ನು ಮತ್ತೆ ಕೆಲಸಕ್ಕೆ ತರಲು ಬೇಕಾದ ತಿಳಿವಳಿಕೆ ಇಂದು ಎಲ್ಲಿಂದ ಬರುತ್ತಿದೆ ಎಂದು ಕೇಳಬೇಕು. ಹೊಸ ಗರಗಸ ಮಾಡಿದವರು ಹಳೆಯ ಹಲ್ಲುಗಳನ್ನು ಅಳೆದು, ಓರೆಗಳ ಪರಿಣಾಮವನ್ನು ಬರೆದು, ಕಲಿಸಿ ಹಂಚಿದ್ದರಿಂದಲೇ ಅದು ಬಹಳ ಜನಕ್ಕೆ ದೊರಕಿತು. ನಮ್ಮಲ್ಲಿ ಪರಿಸ್ಥಿತಿ ತಲೆಕೆಳಗು. ಮುಕ್ಕೋನದ ಅರ ಹಿಡಿದು ತನ್ನ ಗರಗಸವನ್ನು ತಾನೇ ಚೂಪು ಮಾಡುವುದು ಕರ್ನಾಟಕದ ಆಚಾರಿಗಳಿಗೆ ಹೊಸದಲ್ಲ, ಮಾಮೂಲಿ ಅಲಗಿನಲ್ಲೇ ನಾಜೂಕು ಕೆಲಸ ತೆಗೆದವರು ಅವರು. ಆ ವಿದ್ಯೆಯನ್ನು ಕೂತು ಬರೆದಿಟ್ಟವರು ಮಾತ್ರ ವಿರಳ, ಅಷ್ಟರಲ್ಲಿ ವಿದ್ಯುತ್ ಗರಗಸ ಅಂಗಳಕ್ಕೆ ಬಂದಾಗಿದೆ.

ಹೀಗಾಗಿ ಗರಗಸದ ಭವಿಷ್ಯದ ಬಗ್ಗೆ ಚಿಂತಿಸುವವರು ಅಲಗು ಮಾಡುವವರ ಕಡೆಗಿಂತ ಅರ ಮಾಡುವವರ ಕಡೆಗೆ ನೋಡುವುದು ಮೇಲು. ಸಣ್ಣ ಹಲ್ಲಿಗೆ ಬೇಕಾದ ತೆಳು ಅರದ ಮೂಲೆ ಚೂಪಾಗಿ, ಉದ್ದಕ್ಕೂ ಒಂದೇ ತೆರನಾಗಿ ಇರಬೇಕು. ಆ ಮೂಲೆ ಮುರುಟಿದರೆ ಹಲ್ಲಿನ ಕಣಿವೆ ಕೆಡುತ್ತದೆ. ಬಿಸಾಡುವ ಗರಗಸ ಹೆಚ್ಚಿದಂತೆ ಇಂಥ ಅರವನ್ನು ಕೇಳುವವರು ಕಡಿಮೆಯಾಗುತ್ತಾರೆ, ಕೇಳುವವರಿಲ್ಲದ ಸರಕಿನ ಗುಣಮಟ್ಟ ಎಲ್ಲೇ ಆದರೂ ಇಳಿಯುತ್ತದೆ. ಡಿಸ್ಟನ್ ತನ್ನ ಕಾರ್ಖಾನೆಯಲ್ಲಿ ಗರಗಸದ ಪಕ್ಕದಲ್ಲೇ ಅರವನ್ನೂ ಮಾಡಿಸಿದ್ದಕ್ಕೆ ಕಾರಣವಿತ್ತು. ಇಂದಿನ ಸಣ್ಣ ಕಾರ್ಯಾಗಾರಗಳಿಗೆ ಅದು ಸಾಧ್ಯವಿಲ್ಲ. ಅವು ಅರವನ್ನು ದೊಡ್ಡ ಕಂಪನಿಗಳಿಂದಲೇ ಕೊಳ್ಳಬೇಕು, ಆ ಕಂಪನಿಗಳಿಗೆ ಗರಗಸದವರು ತೀರಾ ಸಣ್ಣ ಗಿರಾಕಿಗಳು.